ಮಲೆನಾಡಿನ ಮಳೆಗೆ ತಕ್ಕ ಟೈರ್ ಹುಡುಕಿದ್ದು

ಟೈರ್ ಅಂಗಡಿಗೆ ಹೋಗಿ ‘ಪರ್ಫಾರ್ಮೆನ್ಸ್ ಟೈರ್ ಬೇಕು’, ಅಂದರೆ ಬಾಳಿಕೆಗಿಂತ ಹಿಡಿತಕ್ಕೆ ಮಾಡಿದ್ದು ಬೇಕು, ಎಂದರೆ ಅಂಗಡಿಯವರು ಮೊದಲು ನೋಡುವುದು ಕಾರನ್ನು. ನನ್ನದು 2007ರ ಮಾರುತಿ ಸ್ವಿಫ್ಟ್, ಮೊದಲ ತಲೆಮಾರಿನ ಝಡ್‌ಎಕ್ಸ್‌ಐ. 1.3 ಲೀಟರ್ ಪೆಟ್ರೋಲ್ ಎಂಜಿನ್, 87 ಅಶ್ವಶಕ್ತಿ. ಬಾನೆಟ್ಟಿನ ಬಣ್ಣ ಮಾಸಿದೆ, ಮುಂದಿನ ದೀಪಗಳ ಹೊದಿಕೆ ಹಳದಿಗಟ್ಟಿದೆ. ಇಂಥ ಕಾರಿಗೆ ಅಂಥ ಟೈರ್ ಯಾಕೆ ಎಂದು ಅವರಿಗೆ ಅನಿಸುವುದು ಸಹಜವೇ. ಆದರೆ ಈ ಕಾರನ್ನು ಓಡಿಸಿದವರಿಗೆ ಅದರ ಗುಣ ಗೊತ್ತು. ತೂಕ ಸುಮಾರು ಒಂದು ಟನ್, ಅಷ್ಟೆ. ಸ್ಟೀರಿಂಗ್ ತಿರುಗಿಸಿದ ತಕ್ಷಣ ಮೂತಿ ತಿರುಗುತ್ತದೆ, ಎಂಜಿನ್ ಎತ್ತರದ ದನಿಯಲ್ಲಿ ಹುರುಪಿನಿಂದ ಎಳೆಯುತ್ತದೆ, ತಿರುವಿನಲ್ಲಿ ಮೈ ಹೆಚ್ಚು ವಾಲುವುದಿಲ್ಲ. ಘಟ್ಟದ ರಸ್ತೆಗೆ ಇದಕ್ಕಿಂತ ಇಷ್ಟವಾದ ಕಾರು ನನಗೆ ಇನ್ನೂ ಸಿಕ್ಕಿಲ್ಲ.

ಹದಿನೈದು ವರ್ಷ ತುಂಬಿದ್ದು 2022ರಲ್ಲಿ. ಮಾರಿಬಿಡು ಎಂದವರೇ ಹೆಚ್ಚು. ನಾನು ಆರ್‌ಟಿಒ ಕಚೇರಿಯಲ್ಲಿ ತಪಾಸಣೆ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ನೋಂದಣಿಯನ್ನು ಇನ್ನೈದು ವರ್ಷಕ್ಕೆ ನವೀಕರಿಸಿಕೊಂಡೆ. ಇಟ್ಟುಕೊಳ್ಳುವುದೆಂದು ತೀರ್ಮಾನಿಸಿದ ಮೇಲೆ ಅದನ್ನು ಸರಿಯಾಗಿಯೇ ಇಟ್ಟುಕೊಳ್ಳಬೇಕು. ಶಾಕ್ ಅಬ್ಸಾರ್ಬರ್, ಲೋವರ್ ಆರ್ಮ್ ಬುಷ್, ಬ್ರೇಕ್ ಪ್ಯಾಡ್ ಎಲ್ಲವನ್ನೂ ಹಂತಹಂತವಾಗಿ ಬದಲಿಸಿದೆ. ಉಳಿದದ್ದು ಟೈರ್.

ಹಳೆಯ ಟೈರ್‌ಗಳಲ್ಲಿ ಬಟನ್, ಅಂದರೆ ನೆಲಕ್ಕೆ ತಾಗುವ ತೋಡು ಕೊರೆದ ರಬ್ಬರ್, ಇನ್ನೂ ಚೆನ್ನಾಗಿಯೇ ಕಾಣುತ್ತಿತ್ತು. ತೋಡುಗಳ ತಳದಲ್ಲಿ ಇರುವ ಸಣ್ಣ ಉಬ್ಬುಗಳು, ಅಂದರೆ ಸವೆತದ ಮಿತಿ ತೋರಿಸುವ ಗುರುತುಗಳು, 1.6 ಮಿಲಿಮೀಟರಿನವು. ಕಾನೂನು ಕಾರಿಗೆ ಕೇಳುವುದೂ ಅಷ್ಟೇ ಆಳ. ನನ್ನ ಟೈರ್ ಅದಕ್ಕಿಂತ ಎಷ್ಟೋ ಮೇಲಿತ್ತು. ಆದರೂ ಹಿಂದಿನ ಮಳೆಗಾಲದಲ್ಲಿ ಶಿವಮೊಗ್ಗ-ತೀರ್ಥಹಳ್ಳಿ ರಸ್ತೆಯ ಮಂಡಗದ್ದೆಯ ಹತ್ತಿರದ ತಿರುವುಗಳಲ್ಲಿ ಕಾರು ಸ್ಟೀರಿಂಗ್ ಹೇಳಿದ ಕಡೆ ಹೋಗದೆ ನೇರಕ್ಕೆ ಜಾರಲು ನೋಡುತ್ತಿತ್ತು. ವೇಗ ಹೆಚ್ಚೇನೂ ಇರುತ್ತಿರಲಿಲ್ಲ. ಬ್ರೇಕ್ ಮೇಲೆ ಕಾಲಿಟ್ಟರೆ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಬೇಗನೆ ಕಟಕಟ ಎನ್ನತೊಡಗುತ್ತಿತ್ತು. ಹಿಂದಿನ ಸೀಟಿನಿಂದ ಅಮ್ಮ, “ಸ್ವಲ್ಪ ನಿಧಾನವಾಗಿ ಹೋಗು ಮಾರಾಯ, ಕಾರು ಒಂಥರಾ ತೇಲುತ್ತಿದೆ” ಎಂದರು. ಕಾರಿನ ಬಗ್ಗೆ ಏನೂ ಗೊತ್ತಿಲ್ಲದ ಅವರಿಗೂ ಅದು ತಿಳಿಯಿತು.

ಕಾರಣ ಟೈರಿನ ಪಕ್ಕದಲ್ಲೇ ಬರೆದಿತ್ತು. ಪ್ರತಿ ಟೈರಿನ ಸೈಡ್‌ವಾಲ್ ಮೇಲೆ ‘ಡಿಒಟಿ’ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ನನ್ನವುಗಳ ಮೇಲೆ 4116 ಎಂದಿತ್ತು, ಅಂದರೆ 2016ರ 41ನೇ ವಾರದಲ್ಲಿ ತಯಾರಾದವು. ಬಟನ್‌ಗೆ ಉಗುರು ಒತ್ತಿ ನೋಡಿದೆ. ಹೊಸ ಟೈರಿನಲ್ಲಿ ಉಗುರು ಸ್ವಲ್ಪ ಇಳಿದು, ತೆಗೆದ ಮೇಲೆ ಗುರುತು ನಿಧಾನವಾಗಿ ಮಾಯವಾಗುತ್ತದೆ. ಇಲ್ಲಿ ಉಗುರು ಜಾರಿತು. ತೋಡಿನ ಬುಡದಲ್ಲಿ ಕೂದಲೆಳೆಯಂಥ ಬಿರುಕುಗಳು ಸಾಲಾಗಿ ಎದ್ದಿದ್ದವು. ರಬ್ಬರ್ ಬಿಸಿಲು, ಗಾಳಿ, ಶಾಖಕ್ಕೆ ವರ್ಷವರ್ಷಕ್ಕೂ ಗಟ್ಟಿಯಾಗುತ್ತದೆ. ಗಟ್ಟಿಯಾದ ರಬ್ಬರ್ ರಸ್ತೆಯ ಜಲ್ಲಿಯ ಸಣ್ಣ ಏರುತಗ್ಗುಗಳೊಳಗೆ ಇಳಿದು ಹಿಡಿಯುವುದಿಲ್ಲ. ಒಣ ರಸ್ತೆಯಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ, ಒದ್ದೆಯಾದ ಕೂಡಲೇ ಗೊತ್ತಾಗುತ್ತದೆ. ಹೆಚ್ಚು ಓಡದ ಕಾರುಗಳ ಟೈರ್ ಬಟನ್ ಸವೆಯುವ ಮೊದಲೇ ವಯಸ್ಸಿನಿಂದ ಸಾಯುತ್ತದೆ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ, ಹತ್ತು ವರ್ಷಕ್ಕೆ ಹೇಗಿದ್ದರೂ ತೆಗೆದುಬಿಡಿ ಎಂದು ಮಿಷೆಲಿನ್ ಕಂಪನಿಯೇ ಹೇಳುತ್ತದೆ. ಆಗುಂಬೆಯ ಕಡೆ ಓಡಾಡುವವರು ಹತ್ತರವರೆಗೆ ಕಾಯಬಾರದು ಎಂಬುದು ನನ್ನ ಅಭಿಪ್ರಾಯ.

ನಮ್ಮ ಕಡೆ ಒಳ್ಳೆಯ ಟೈರ್ ಎಂದರೆ ಮಳೆಯಲ್ಲಿ ಹಿಡಿಯುವ ಟೈರ್. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಟೈರುಗಳ ಹೊಗಳಿಕೆಯೆಲ್ಲ ಒಣ ಹೆದ್ದಾರಿಯ ವೇಗದ ಸುತ್ತ ಇರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆರಿದ್ರಾ ಹಿಡಿದರೆ ರಸ್ತೆ ವಾರಗಟ್ಟಲೆ ಒಣಗುವುದೇ ಇಲ್ಲ. ಮರಗಳು ಕವಿದ ಕಡೆ ಡಾಂಬರಿನ ಅಂಚಿಗೆ ಪಾಚಿ ಕಟ್ಟುತ್ತದೆ. ಧರೆಯಿಂದ ಕೆಮ್ಮಣ್ಣು ಕೊಚ್ಚಿಕೊಂಡು ಬಂದು ತಿರುವಿನ ಮಧ್ಯೆಯೇ ಹರಡಿಕೊಳ್ಳುತ್ತದೆ. ಕೊಳೆತ ಎಲೆ ಚಕ್ರದಡಿ ಅರೆದು ಲೋಳೆಯಾಗುತ್ತದೆ. ಏರಿನಲ್ಲಿ ತಿರುಗಿಸುವ ಲಾರಿಗಳ ಟ್ಯಾಂಕಿನಿಂದ ಚೆಲ್ಲಿದ ಡೀಸೆಲ್ ನೀರಿನ ಮೇಲೆ ಬಣ್ಣಬಣ್ಣವಾಗಿ ತೇಲುತ್ತದೆ. ಇಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲೂ ಟೈರಿನ ಯೋಗ್ಯತೆ ಬಯಲಾಗುತ್ತದೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಇಳಿಯುವಾಗ ನನಗೆ ಬೇಕಾದದ್ದು ಎರಡೇ: ಬ್ರೇಕ್ ಹಾಕಿದರೆ ಹಿಡಿಯಬೇಕು, ತಿರುಗಿಸಿದರೆ ತಿರುಗಬೇಕು.

ಏಪ್ರಿಲ್‌ನಲ್ಲಿ ಹುಡುಕಾಟ ಶುರು ಮಾಡಿದೆ. ಶಿವಮೊಗ್ಗದಲ್ಲಿ ಟೈರ್ ಅಂಗಡಿಗಳಿಗೆ ಕೊರತೆಯಿಲ್ಲ. ಬಿ.ಎಚ್. ರಸ್ತೆ, ಸಾಗರ ರಸ್ತೆ ಎರಡೂ ಕಡೆ ಸುತ್ತಿದೆ. ಎಲ್ಲ ಕಡೆ ಮೊದಲ ಮಾತು ಒಂದೇ: “ಸರ್, ಇದು ಐವತ್ತು ಸಾವಿರ ಕಿಲೋಮೀಟರ್ ಬರುತ್ತದೆ.” ನಾನು ಕೇಳಿದ್ದು ಮಳೆಯಲ್ಲಿ ಬ್ರೇಕ್ ಹೇಗೆ ಹಿಡಿಯುತ್ತದೆ ಎಂದು. ಅದಕ್ಕೆ, “ಎಲ್ಲವೂ ಚೆನ್ನಾಗಿಯೇ ಹಿಡಿಯುತ್ತವೆ ಸರ್, ಕಂಪನಿ ಟೈರ್ ಅಲ್ಲವೇ” ಎಂಬ ಉತ್ತರ. ಅವರನ್ನು ದೂರಲಾರೆ. ಬರುವ ಗಿರಾಕಿಗಳಲ್ಲಿ ಹೆಚ್ಚಿನವರು ಕೇಳುವುದು ಬಾಳಿಕೆ ಮತ್ತು ಬೆಲೆ, ಅಂಗಡಿಯವರು ತರಿಸಿಡುವುದೂ ಅದನ್ನೇ. ಒಬ್ಬ ಹಿರಿಯ ಮಾಲೀಕರು ಮಾತ್ರ ನೇರವಾಗಿ ಹೇಳಿದರು: “ನೀವು ಕೇಳುವಂಥದ್ದು ಈ ಅಳತೆಯಲ್ಲಿ ನನ್ನ ಹತ್ತಿರ ಇಲ್ಲ. ತರಿಸಿದರೆ ನಾಲ್ಕೂ ನೀವೇ ತೆಗೆದುಕೊಳ್ಳಬೇಕು, ಬೇರೆ ಯಾರೂ ಕೊಳ್ಳುವುದಿಲ್ಲ.” ಆ ಮಾತು ನನಗೆ ಹಿಡಿಸಿತು. ಮುಂದೆ ಟೈರ್ ಕೂರಿಸಿದ್ದು ಅವರ ಅಂಗಡಿಯಲ್ಲೇ.

ಇನ್ನೊಂದು ಕಡೆ ನನಗೆ ಬೇಕಾದ ಅಳತೆಯ ಒಳ್ಳೆಯ ಟೈರ್ ಸಿದ್ಧವಾಗಿಯೇ ಇತ್ತು, ಬೆಲೆಯಲ್ಲೂ ರಿಯಾಯಿತಿ ಕೊಡುತ್ತೇವೆ ಎಂದರು. ತಿರುಗಿಸಿ ದಿನಾಂಕ ನೋಡಿದರೆ ಮೂರು ವರ್ಷ ದಾಟಿತ್ತು. “ಗೋದಾಮಿನಲ್ಲೇ ಇತ್ತು, ಓಡಿಸಿಲ್ಲವಲ್ಲ” ಎಂದರು. ಕತ್ತಲೆಯ ತಂಪು ಗೋದಾಮಿನಲ್ಲಿ ಟೈರ್ ನಿಧಾನವಾಗಿ ಹಳೆಯದಾಗುತ್ತದೆ ಎಂಬುದು ನಿಜ. ಆದರೆ ಈ ಟೈರ್ ಇದ್ದದ್ದು ತಗಡಿನ ಮಾಡಿನ ಕೆಳಗೆ, ರಸ್ತೆಗೆ ತೆರೆದ ಜಾಗದಲ್ಲಿ. ಅಷ್ಟೇ ಅಲ್ಲ, ನನ್ನ ಓಡಾಟ ಕಡಿಮೆ. ಮೂರು ವರ್ಷ ಅಂಗಡಿಯಲ್ಲೇ ಕಳೆದ ಟೈರ್ ನನ್ನ ಕಾರಿನಲ್ಲಿ ಬಟನ್ ಅರ್ಧ ಇರುವಾಗಲೇ ಗಟ್ಟಿಯಾಗುತ್ತದೆ. ಆರು ತಿಂಗಳಿಗಿಂತ ಹಳೆಯದನ್ನು ಒಪ್ಪುವುದಿಲ್ಲ ಎಂದು ಅಲ್ಲೇ ನಿರ್ಧರಿಸಿಕೊಂಡೆ.

ಈಗ ಅಳತೆಯ ವಿಷಯ. ಹಳೆಯ ಕಾರಿಟ್ಟುಕೊಂಡವರು ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದದ್ದು ಇಲ್ಲೇ. ಕಂಪನಿ ಕೊಟ್ಟದ್ದು 185/70 ಆರ್14. ಮೊದಲ ಅಂಕಿ ಟೈರಿನ ಅಗಲ ಮಿಲಿಮೀಟರಿನಲ್ಲಿ, ಎರಡನೆಯದು ಸೈಡ್‌ವಾಲಿನ ಎತ್ತರ ಅಗಲದ ಶೇಕಡಾ ಎಷ್ಟು ಎಂಬುದು, ಕೊನೆಯದು ರಿಮ್ಮಿನ ವ್ಯಾಸ ಇಂಚಿನಲ್ಲಿ. ಈ ಅಳತೆ ಬಂದದ್ದು 14 ಇಂಚು ದೊಡ್ಡ ಚಕ್ರ ಎನಿಸುತ್ತಿದ್ದ ಕಾಲದಲ್ಲಿ. ಈಗ ಕಂಪನಿಗಳ ಜಾಣ್ಮೆಯೆಲ್ಲ ದೊಡ್ಡ ರಿಮ್‌ಗಳ ಕಡೆ ಹೋಗಿದೆ. ಮಿಷೆಲಿನ್ ಪೈಲಟ್ ಸ್ಪೋರ್ಟ್‌ನಂಥ ಹೆಸರಾಂತ ಟೈರ್‌ಗಳು ಹೆಚ್ಚಾಗಿ 17 ಇಂಚು ಮತ್ತು ಅದಕ್ಕಿಂತ ದೊಡ್ಡ ಅಳತೆಗಳಲ್ಲಿ ಬರುತ್ತವೆ. 14 ಇಂಚಿನಲ್ಲಿ ಸಿಗುವುದು ಬಹುಪಾಲು ಬಾಳಿಕೆಗೂ ಮೈಲೇಜಿಗೂ ಮಾಡಿದ್ದು. ಅದರ ಮೇಲೆ 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟೈರ್ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು, ಪರವಾನಗಿ ಇಲ್ಲದೆ ತರುವಂತಿಲ್ಲ. ಅದಕ್ಕೂ ಮೊದಲು ಥಾಯ್ಲೆಂಡ್, ಜಪಾನ್ ಕಡೆಯಿಂದ ಬರುತ್ತಿದ್ದ ಕೆಲವು ಒಳ್ಳೆಯ ಮಾದರಿಗಳು ಸಣ್ಣ ಅಳತೆಗಳಲ್ಲಿ ಕೈಗೆ ಸಿಗದಂತಾದವು.

ಹಾಗಾದರೆ 15 ಇಂಚಿಗೆ ಹೋಗುವುದೇ? ಹೋಗಬಹುದು, ಆದರೆ ಚಕ್ರದ ಒಟ್ಟು ವ್ಯಾಸ ಬದಲಾಗಬಾರದು. ಕಾಗದ ಪೆನ್ನು ಹಿಡಿದು ಕುಳಿತೆ. 185ರ ಶೇಕಡಾ 70 ಎಂದರೆ 129.5 ಮಿ.ಮೀ. ಮೇಲೆ ಕೆಳಗೆ ಎರಡೂ ಸೇರಿ 259. ರಿಮ್ 14 ಇಂಚು, ಅಂದರೆ 355.6. ಒಟ್ಟು 614.6 ಮಿ.ಮೀ. ಈಗ 195/60 ಆರ್15: ಸೈಡ್‌ವಾಲ್ 117, ಎರಡು ಕಡೆ 234, ರಿಮ್ 381, ಒಟ್ಟು 615. ವ್ಯತ್ಯಾಸ ಅರ್ಧ ಮಿಲಿಮೀಟರೂ ಇಲ್ಲ! ಸ್ಪೀಡೋಮೀಟರ್, ಗೇರಿನ ಎಳೆತ, ನೆಲದಿಂದ ಎತ್ತರ ಯಾವುದೂ ಕೆಡುವುದಿಲ್ಲ. ಒಬ್ಬರು ಹೇಳಿದ್ದ 195/55 ಆರ್15 ಲೆಕ್ಕ ಹಾಕಿದರೆ 595.5ಕ್ಕೆ ಇಳಿಯುತ್ತದೆ, ಶೇಕಡಾ 3ರಷ್ಟು ಚಿಕ್ಕದು. ಕಾರು ಸುಮಾರು ಒಂದು ಸೆಂಟಿಮೀಟರ್ ಕುಸಿಯುತ್ತದೆ, ಮೀಟರ್ ಇರುವುದಕ್ಕಿಂತ ಹೆಚ್ಚು ವೇಗ ತೋರಿಸುತ್ತದೆ. ಇನ್ನೊಬ್ಬರು ಒತ್ತಾಯ ಮಾಡಿದ 205/60 ಆರ್15 ವ್ಯಾಸ 627. ತಿರುಗಿಸಿದಾಗ ಒಳಗಿನ ಪ್ಲಾಸ್ಟಿಕ್ಕಿಗೆ ತಾಗುವ ಸಾಧ್ಯತೆ ಬೇರೆ. ಅಗಲ ಹೆಚ್ಚಿದಷ್ಟೂ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ನೀರು ನಿಂತ ರಸ್ತೆಯಲ್ಲಿ ಅದು ತಿರುಗುಮುರುಗಾಗುತ್ತದೆ. ಅಗಲವಾದ ಟೈರ್ ಹೆಚ್ಚು ನೀರನ್ನು ಬದಿಗೆ ತಳ್ಳಬೇಕು, ತಳ್ಳಲಾಗದಿದ್ದರೆ ಅದರ ಮೇಲೇ ತೇಲುತ್ತದೆ. ಒಂದು ಟನ್ನಿನ ಕಾರಿಗೆ 195 ಸಾಕು.

ಅಳತೆಯ ನಂತರ ಬರುವ ಅಂಕಿಯನ್ನೂ ನೋಡಬೇಕು. 88 ಎಂದಿದ್ದರೆ ಒಂದು ಟೈರ್ 560 ಕೆ.ಜಿ. ಹೊರಬಲ್ಲದು. ನನ್ನ ಹಳೆಯ ಅಳತೆಗೂ ಹೊಸ ಅಳತೆಗೂ ಅದೇ 88. ಪಕ್ಕದ ಅಕ್ಷರ ವೇಗದ ಮಿತಿಯದು: ಟಿ ಎಂದರೆ 190, ಎಚ್ ಎಂದರೆ 210, ವಿ ಎಂದರೆ 240 ಕಿಲೋಮೀಟರ್. ತೀರ್ಥಹಳ್ಳಿ ರಸ್ತೆಯಲ್ಲಿ 240ರ ಮಾತು ಯಾರಿಗೂ ಬೇಡ. ಆದರೂ ‘ವಿ’ ಟೈರಿನ ಒಳಗಿನ ಕಟ್ಟು ಸಾಮಾನ್ಯವಾಗಿ ಬಿಗಿಯಾಗಿರುತ್ತದೆ, ತಿರುವಿನಲ್ಲಿ ಸ್ಟೀರಿಂಗ್‌ಗೆ ಬೇಗ ಸ್ಪಂದಿಸುತ್ತದೆ. ನನಗೆ ಬೇಕಿದ್ದದ್ದು ಅದು.

ಸೈಡ್‌ವಾಲ್ 12.5 ಮಿ.ಮೀ. ಕಡಿಮೆಯಾಗುತ್ತದೆ ಎಂಬುದೊಂದೇ ಚಿಂತೆ. ಮಳೆಗಾಲದಲ್ಲಿ ನಮ್ಮ ರಸ್ತೆಯ ಗುಂಡಿಗಳು ನೀರು ತುಂಬಿಕೊಂಡು ಆಳ ಕಾಣದೆ ಕಾದಿರುತ್ತವೆ. ಎತ್ತರದ ಸೈಡ್‌ವಾಲ್ ಪೆಟ್ಟನ್ನು ತಡೆದುಕೊಳ್ಳುತ್ತದೆ, ಕುಳ್ಳಗಾದಷ್ಟೂ ರಿಮ್ಮಿಗೆ ಏಟು, ಟೈರಿನ ಪಕ್ಕದಲ್ಲಿ ಗುಳ್ಳೆ. ಇದೇ ಕಾರಣಕ್ಕೆ 16 ಇಂಚಿನ ಯೋಚನೆಯನ್ನು ಮಾಡಲೇ ಇಲ್ಲ. 60ರ ಪ್ರೊಫೈಲ್, ಅಂದರೆ ಅಗಲದ ಶೇಕಡಾ 60ರ ಸೈಡ್‌ವಾಲ್, ನಮ್ಮ ರಸ್ತೆಗೆ ಕೊನೆಯ ಮಿತಿ, ಅದಕ್ಕಿಂತ ಕೆಳಗೆ ಇಳಿದರೆ ಸೊಗಸಿಗೆ ದಂಡ ಕಟ್ಟಬೇಕಾಗುತ್ತದೆ.

ಚಿಕ್ಕಮಗಳೂರಿನ ರ‍್ಯಾಲಿಗಳಲ್ಲಿ ಸರ್ವಿಸ್ ತಂಡಗಳ ಜೊತೆ ಕೆಲಸ ಮಾಡಿದ ಮೆಕ್ಯಾನಿಕ್ ಒಬ್ಬರು ನನಗೆ ಪರಿಚಯ. ಅವರನ್ನು ಕೇಳಿದಾಗ ಮೊದಲು ಹೇಳಿದ್ದೇ, “ರ‍್ಯಾಲಿ ಟೈರ್ ಆಸೆ ಬಿಡಿ” ಎಂದು. ಕಾಫಿ ತೋಟದ ಮಣ್ಣುದಾರಿಗೆ ಮಾಡಿದ ದಪ್ಪ ಬಟನ್ನಿನ ಟೈರ್ ಒದ್ದೆ ಡಾಂಬರಿನಲ್ಲಿ ಪರದಾಡುತ್ತದೆ, ನೆಲಕ್ಕೆ ತಾಗುವ ರಬ್ಬರೇ ಕಡಿಮೆ. ಎರಡನೆಯದಾಗಿ, ತೋಡುಗಳ ನಮೂನೆ ನೋಡಿ ಮರುಳಾಗಬೇಡಿ, ರಬ್ಬರಿನ ಮಿಶ್ರಣ ನೋಡಿ ಎಂದರು. ಸಿಲಿಕಾ ಸೇರಿಸಿದ ರಬ್ಬರ್ ತಂಪಿನಲ್ಲೂ ಒದ್ದೆಯಲ್ಲೂ ಮೆತ್ತಗೆ ಉಳಿಯುತ್ತದೆ. 1990ರ ದಶಕದ ಆರಂಭದಲ್ಲಿ ಮಿಷೆಲಿನ್ ಇದನ್ನು ಕಾರಿನ ಟೈರ್‌ಗಳಿಗೆ ತಂದ ಮೇಲೆ ಉಳಿದವರೂ ಅದೇ ದಾರಿ ಹಿಡಿದರು.

ರಬ್ಬರಿನ ಮಿಶ್ರಣ ಕಣ್ಣಿಗೆ ಕಾಣುವುದಿಲ್ಲ. ಆದರೆ ಟೈರಿನ ಮೇಲೆ ಕೆಲವು ಸುಳಿವುಗಳಿರುತ್ತವೆ. ಅಮೆರಿಕದ ಪದ್ಧತಿಯ ಶ್ರೇಣಿ ಹಲವು ಟೈರ್‌ಗಳ ಮೇಲೆ ಅಚ್ಚಾಗಿರುತ್ತದೆ: ಟ್ರೆಡ್‌ವೇರ್ ಎಂಬ ಅಂಕಿ, ಟ್ರಾಕ್ಷನ್‌ಗೆ ಎಎ, ಎ, ಬಿ, ಸಿ. ಟ್ರಾಕ್ಷನ್ ಶ್ರೇಣಿ ಕೊಡುವುದು ಒದ್ದೆ ಡಾಂಬರು ಮತ್ತು ಒದ್ದೆ ಕಾಂಕ್ರೀಟಿನ ಮೇಲೆ ನೇರ ಬ್ರೇಕ್ ಪರೀಕ್ಷೆಯಿಂದ. ಹಾಗಾಗಿ ‘ಬಿ’ ಇದ್ದರೆ ನಾನು ಮುಂದೆ ನೋಡಲಿಲ್ಲ. ಟ್ರೆಡ್‌ವೇರ್ ಅಂಕಿ ಹೆಚ್ಚಿದಷ್ಟೂ ಬಾಳಿಕೆ ಹೆಚ್ಚು. ಬಾಳಿಕೆ ಹೆಚ್ಚಾದಷ್ಟೂ ಸಾಮಾನ್ಯವಾಗಿ ರಬ್ಬರ್ ಗಟ್ಟಿ. ಈ ಅಂಕಿಯನ್ನು ಕೊಡುವವರು ಆಯಾ ಕಂಪನಿಯವರೇ ಆದ್ದರಿಂದ ಒಂದು ಕಂಪನಿಯ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸಿ ಲಾಭವಿಲ್ಲ, ಒಂದೇ ಕಂಪನಿಯ ಎರಡು ಮಾದರಿಗಳ ನಡುವೆ ಹೋಲಿಸಬಹುದು. ಯುರೋಪಿನ ಮಾನ್ಯತೆ ಪಡೆದ ಟೈರ್ ಆಗಿದ್ದರೆ ವೃತ್ತದೊಳಗಿನ ‘ಇ’ ಅಕ್ಷರದ ಹತ್ತಿರ ಒಂದು ಸಂಖ್ಯೆ, ಅದರ ತುದಿಯಲ್ಲಿ ಎಸ್, ಡಬ್ಲ್ಯು, ಆರ್ ಎಂಬ ಅಕ್ಷರಗಳಿರುತ್ತವೆ. ಡಬ್ಲ್ಯು ಇದ್ದರೆ ಒದ್ದೆ ರಸ್ತೆಯ ಹಿಡಿತದ ಕನಿಷ್ಠ ಮಟ್ಟವನ್ನು ಮುಟ್ಟಿದೆ ಎಂದರ್ಥ. ಇನ್ನು ನಮ್ಮ ದೇಶದ ನಕ್ಷತ್ರ ಲೇಬಲ್ ಹೇಳುವುದು ಇಂಧನ ಉಳಿತಾಯವನ್ನು. ಐದು ನಕ್ಷತ್ರ ಇದ್ದ ಮಾತ್ರಕ್ಕೆ ಮಳೆಯಲ್ಲಿ ಚೆನ್ನಾಗಿ ನಿಲ್ಲುತ್ತದೆ ಎಂದು ಭಾವಿಸುವಂತಿಲ್ಲ. ಅಂಗಡಿಗಳಲ್ಲಿ ಈ ಎರಡನ್ನೂ ಬೆರೆಸಿ ಹೇಳುವುದು ಕೇಳಿ ನನಗೆ ಬೇಸರವಾಯಿತು. ಇದು ಜೀವದ ವಿಷಯ.

ಕೊನೆಗೆ ಉಳಿದದ್ದು ಎರಡು ಹೆಸರು. ಮೂಲ ಅಳತೆಯಲ್ಲೇ ಇರುವುದಾದರೆ ಮಿಷೆಲಿನ್ ಎನರ್ಜಿ ಎಕ್ಸ್‌ಎಂ2 ಪ್ಲಸ್. ಸದ್ದಿಲ್ಲದ, ಬಾಳಿಕೆಯ, ಮಳೆಯಲ್ಲೂ ನಂಬಬಹುದಾದ ಟೈರ್. ಕುಟುಂಬದ ಕಾರಿಗೆ ಕೇಳಿದರೆ ಕಣ್ಣು ಮುಚ್ಚಿ ಅದನ್ನೇ ಹೇಳುತ್ತೇನೆ. 15 ಇಂಚಿಗೆ ಹೋಗುವುದಾದರೆ ಕಾಂಟಿನೆಂಟಲ್ ಅಲ್ಟ್ರಾಕಾಂಟ್ಯಾಕ್ಟ್ ಯುಸಿ6. ಅದೇ ಕಂಪನಿಯ ಕಂಫರ್ಟ್‌ಕಾಂಟ್ಯಾಕ್ಟ್ ಮೆತ್ತನೆಯ ಸವಾರಿಗೆ, ಇದು ಹಿಡಿತಕ್ಕೆ. ಮಂಗಳೂರಿನಲ್ಲಿ ಇದನ್ನು ಹಾಕಿಸಿಕೊಂಡಿದ್ದ ಗೆಳೆಯನ ಕಾರನ್ನು ಮಳೆಯಲ್ಲಿ ಓಡಿಸಿ ನೋಡಿದ್ದೆ. ಅವನದು ಬೇರೆ ಕಾರು, ಬೇರೆ ಅಳತೆ. ಆದರೂ ಒದ್ದೆ ತಿರುವಿನಲ್ಲಿ ಸ್ಟೀರಿಂಗ್ ಕೈಗೆ ಕೊಡುವ ಭರವಸೆ ಎಂಥದ್ದು ಎಂದು ತಿಳಿಯಲು ಅಷ್ಟು ಸಾಕಾಯಿತು.

15 ಇಂಚು ಎಂದ ಮೇಲೆ ರಿಮ್ ಬೇಕು. ಇದಕ್ಕೆ ಬೆಂಗಳೂರಿಗೇ ಹೋದೆ, ಫೋಟೋ ನೋಡಿ ತರಿಸುವ ವಸ್ತು ಇದಲ್ಲ. ಸ್ವಿಫ್ಟ್‌ಗೆ ನಾಲ್ಕು ನಟ್, ಅವು ಕೂರುವ ವೃತ್ತದ ವ್ಯಾಸ 100 ಮಿ.ಮೀ. ಇದು ಬಹಳ ಕಾರುಗಳಲ್ಲಿ ಒಂದೇ. ಆದರೆ ನಡುವಿನ ತೂತು ಸ್ವಿಫ್ಟ್‌ನಲ್ಲಿ 54.1 ಮಿ.ಮೀ. ಹೊರಗೆ ಸಿಗುವ ಅಲಾಯ್ (ಮಿಶ್ರಲೋಹದ) ರಿಮ್‌ಗಳಲ್ಲಿ ಎಲ್ಲ ಕಾರುಗಳಿಗೂ ಆಗಲಿ ಎಂದು ಈ ತೂತನ್ನು ದೊಡ್ಡದಾಗಿ ಕೊರೆದಿರುತ್ತಾರೆ. ಹಾಗೆಯೇ ಬಿಗಿದರೆ ಚಕ್ರ ಹಬ್ಬಿನ, ಅಂದರೆ ಕಾರಿನ ಕಡೆಯ ನಡುಗುಂಬದ, ಮೇಲೆ ಕೂರದೆ ನಟ್‌ಗಳ ಮೇಲಷ್ಟೇ ನಿಲ್ಲುತ್ತದೆ, ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ 80ರ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ. ಇದಕ್ಕೆ ಸೆಂಟರ್ ರಿಂಗ್ ಎಂಬ ಸಣ್ಣ ಬಳೆ ಸಿಗುತ್ತದೆ. ಹೊರಸುತ್ತು ರಿಮ್ಮಿಗೆ, ಒಳಸುತ್ತು ಹಬ್ಬಿಗೆ. ಅಂಗಡಿಯವರು, “ಅದೆಲ್ಲ ಬೇಕಾಗುವುದಿಲ್ಲ ಸರ್” ಎಂದರೂ ನಾಲ್ಕನ್ನೂ ಹಾಕಿಸಿ, ಕೈಯಲ್ಲಿ ಅಲುಗಾಡಿಸಿ ನೋಡಿಯೇ ತೆಗೆದುಕೊಂಡೆ. ಅಗಲ 6 ಇಂಚಿನದು ಆರಿಸಿದೆ. 195ರ ಟೈರ್‌ಗೆ ಐದೂವರೆಯಿಂದ ಏಳು ಇಂಚಿನ ರಿಮ್ ನಡೆಯುತ್ತದೆ. ಹೊರಗೆ ಚಾಚಿಕೊಂಡು ಕಾಣುವ ಅಗಲದ ರಿಮ್ ಚೆಂದ ಎನ್ನುವವರಿದ್ದಾರೆ. ಚಾಚಿದಷ್ಟೂ ಕೆಸರು ಮೈಗೆಲ್ಲ ಎರಚುತ್ತದೆ, ಬೇರಿಂಗ್‌ಗೂ ಭಾರ. ರಿಮ್ಮಿನ ತೂಕವನ್ನೂ ತಕ್ಕಡಿಯಲ್ಲಿಟ್ಟು ನೋಡಿದೆ. ಹಗುರವಾದಷ್ಟೂ ಚಕ್ರ ಗುಂಡಿಯಿಂದ ಬೇಗ ಚೇತರಿಸಿಕೊಳ್ಳುತ್ತದೆ.

ಟೈರನ್ನು ಮಾತ್ರ ಶಿವಮೊಗ್ಗದ ಆ ಹಿರಿಯ ಮಾಲೀಕರ ಮೂಲಕವೇ ತರಿಸಿದೆ. ಬೆಂಗಳೂರಿನಲ್ಲಿ ಒಂದಿಷ್ಟು ಕಡಿಮೆಗೆ ಸಿಗುತ್ತಿತ್ತು. ಆದರೆ ನಾಳೆ ಒಂದು ಟೈರಿನಲ್ಲಿ ತಯಾರಿಕೆಯ ದೋಷ ಕಂಡರೆ ಕಂಪನಿಯೊಂದಿಗೆ ಮಾತನಾಡುವವರು ಊರಿನಲ್ಲೇ ಇರಬೇಕು. ನಾಲ್ಕು ಟೈರ್‌ಗೆ ಮೂವತ್ತು ಸಾವಿರದ ಆಸುಪಾಸು ಆಯಿತು. ಆಗ ಜಿಎಸ್‌ಟಿ ಶೇಕಡಾ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದು 18ಕ್ಕೆ ಇಳಿದಿದೆ, ಈಗ ಕೊಳ್ಳುವವರಿಗೆ ಅಷ್ಟು ಅನುಕೂಲ. “ಈ ಕಾರಿಗೆ ಇಷ್ಟು ದುಡ್ಡು ಯಾಕೆ ಹಾಕುತ್ತೀರಿ?” ಎಂದು ಅವರೂ ಕೇಳಿದರು. ನೆಲಕ್ಕೆ ತಾಗುವುದು ಕಾರಲ್ಲ, ನಾಲ್ಕು ಅಂಗೈ ಅಗಲದ ರಬ್ಬರ್, ಅದು ಹೊಸ ಕಾರಿಗೂ ಅಷ್ಟೇ ಹಳೆಯದಕ್ಕೂ ಅಷ್ಟೇ ಎಂದೆ. ಅವರು ತಲೆಯಾಡಿಸಿ ಆರ್ಡರ್ ಬರೆದುಕೊಂಡರು. ಪುಸ್ತಕದಲ್ಲಿ ‘ಆರು ತಿಂಗಳೊಳಗಿನ ದಿನಾಂಕ’ ಎಂದೂ ಬರೆಸಿದೆ.

ಬಂದ ಟೈರ್‌ಗಳ ದಿನಾಂಕವನ್ನು ನಾಲ್ಕರಲ್ಲೂ ನೋಡಿದೆ, ಎಲ್ಲ ಅದೇ ವರ್ಷದವು. ಕೂರಿಸುವ ಕೆಲಸವನ್ನು ಪಕ್ಕದಲ್ಲೇ ನಿಂತು ನೋಡಿದೆ. ಹುಡುಗ ಬ್ರಷ್‌ನಲ್ಲಿ ಸೋಪಿನ ನೀರನ್ನು ಟೈರಿನ ಬಾಯಿಯ ಅಂಚಿಗೆ ಸುತ್ತಲೂ ಬಳಿದು, ಯಂತ್ರದ ಮೇಲೆ ರಿಮ್ ತಿರುಗಿಸುತ್ತಾ ಒಳಕ್ಕೆ ಜಾರಿಸಿದ. ಸೈಡ್‌ವಾಲ್ ಮೇಲಿನ ಹಳದಿ ಚುಕ್ಕೆ ಟೈರಿನ ಹಗುರವಾದ ಜಾಗದ ಗುರುತು. ಅದನ್ನು ಗಾಳಿ ತುಂಬುವ ವಾಲ್ವ್ ಎದುರಿಗೆ ತಂದರೆ ಬ್ಯಾಲೆನ್ಸಿಂಗ್‌ಗೆ ಕಡಿಮೆ ಸೀಸ ಸಾಕು. ಹೇಳುವ ಮೊದಲೇ ಅವನು ಹಾಗೆಯೇ ಇಟ್ಟ. ಕೆಲಸ ಬಲ್ಲ ಕೈ. ಗಾಳಿ ತುಂಬುವಾಗ ಅಂಚು ರಿಮ್ಮಿನಲ್ಲಿ ಕೂರುವ ‘ಟಪ್’ ಸದ್ದು ಎರಡು ಸಲ ಕೇಳಿಸಿತು, ಆಮೇಲೆ ಅಂಚಿನ ಗೆರೆ ಸುತ್ತಲೂ ಒಂದೇ ಸಮ ಇದೆಯೇ ಎಂದು ಬೆರಳಾಡಿಸಿ ನೋಡಿದ. ನೈಟ್ರೋಜನ್ ಹಾಕಲೇ ಎಂದು ಕೇಳಿದ್ದಕ್ಕೆ ಬೇಡವೆಂದೆ. ಮಾಮೂಲಿ ಗಾಳಿಯಲ್ಲೇ ಶೇಕಡಾ 78 ನೈಟ್ರೋಜನ್ ಇದೆ. ಅಲೈನ್‌ಮೆಂಟ್‌ನಲ್ಲಿ ಈ ಕಾರಿಗೆ ಹೊಂದಿಸಲು ಬರುವುದು ಮುಂದಿನ ಚಕ್ರಗಳ ಟೋ (ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಒಂದೇ, ಹಿಂದಿನದನ್ನು ನೋಡಬಹುದು ಅಷ್ಟೆ.

ಎರಡೇ ಟೈರ್ ಬದಲಿಸುವವರಿಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಮುಂದಿನ ಚಕ್ರ ಎಳೆಯುವ ಕಾರು ಎಂದು ಹೊಸದನ್ನು ಮುಂದಕ್ಕೆ ಹಾಕುವ ರೂಢಿ ನಮ್ಮಲ್ಲಿದೆ. ಹೊಸ ಎರಡನ್ನು ಹಿಂದಕ್ಕೇ ಹಾಕಬೇಕು. ಮಳೆಯಲ್ಲಿ ಮುಂದಿನ ಚಕ್ರ ಜಾರಿದರೆ ಆಕ್ಸಿಲರೇಟರ್ ಬಿಟ್ಟು ಸರಿಪಡಿಸಿಕೊಳ್ಳಲು ಅವಕಾಶವಿರುತ್ತದೆ. ಹಿಂದಿನದು ಜಾರಿದರೆ ಕಾರು ಗರಗರ ತಿರುಗಿಬಿಡುತ್ತದೆ, ಘಾಟಿಯಲ್ಲಿ ಅದಕ್ಕೆ ಜಾಗವಿಲ್ಲ.

ಹೊಸ ಟೈರಿನ ಮೇಲ್ಮೈಗೆ ಅಚ್ಚಿನಿಂದ ಬಿಡಿಸಲು ಹಾಕಿದ ಜಾರುಪದಾರ್ಥ ಸ್ವಲ್ಪ ಅಂಟಿರುತ್ತದೆ. ಅದು ಸವೆಯಲಿ ಎಂದು ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಭದ್ರಾವತಿ, ಆಯನೂರು ಕಡೆ ಸಮಾಧಾನವಾಗಿ ಓಡಿಸಿದೆ. ಮೃಗಶಿರಾ ಮಳೆ ಹಿಡಿದ ಮೇಲೆ, ಇನ್ನೂ ಮನೆಗಳು ಏಳದ ಒಂದು ಹೊಸ ಬಡಾವಣೆಯ ಖಾಲಿ ರಸ್ತೆಯಲ್ಲಿ ಬ್ರೇಕ್ ಪರೀಕ್ಷಿಸಿದೆ. ಹಳೆಯ ಟೈರ್‌ನಲ್ಲೂ ಅಲ್ಲೇ ಒಮ್ಮೆ ಮಳೆಯಲ್ಲಿ ನೋಡಿದ್ದೆ, ಅದೇ ದೀಪದ ಕಂಬದ ಹತ್ತಿರ ಅದೇ ವೇಗದಲ್ಲಿ ಬ್ರೇಕ್ ಒತ್ತಿದೆ. ಹಳೆಯ ಟೈರ್ ನಿಂತ ಜಾಗಕ್ಕಿಂತ ಒಂದು ಕಾರಿನ ಉದ್ದಕ್ಕೂ ಹೆಚ್ಚು ಮೊದಲೇ ನಿಂತಿತು. ಎಬಿಎಸ್ ಕೊನೆಯಲ್ಲಷ್ಟೇ ಒಂದೆರಡು ಸಲ ಮಿಡಿಯಿತು.

ಆಮೇಲೆ ಆಗುಂಬೆ. ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆಯ ಅದೇ ತಿರುವುಗಳು ಬಂದಾಗ ಮಳೆ ಜೋರಾಗಿತ್ತು. ಕಾರು ಹೇಳಿದ ಗೆರೆಯ ಮೇಲೇ ತಿರುಗಿತು. ಎದ್ದು ಕಂಡ ಬದಲಾವಣೆ ಎಂದರೆ ಸ್ಟೀರಿಂಗ್‌ನಿಂದ ಬರುವ ಸುದ್ದಿ. ಪಾಚಿಯ ಅಂಚಿಗೆ ಚಕ್ರ ತಾಗಿದಾಗ ಹಿಡಿತ ಸಡಿಲವಾಗುವುದು ಅಂಗೈಗೆ ಮೊದಲೇ ತಿಳಿಯುತ್ತಿತ್ತು, ಹಳೆಯದರಲ್ಲಿ ಅದು ಜಾರಿದ ಮೇಲೆ ತಿಳಿಯುತ್ತಿತ್ತು. ಮೇಗರವಳ್ಳಿ ಕಳೆದ ಮೇಲೆ ರಸ್ತೆಗೆ ಅಡ್ಡವಾಗಿ ನೀರು ಹರಿಯುತ್ತಿದ್ದ ಕಡೆಗಳಲ್ಲೂ ಸ್ಟೀರಿಂಗ್ ಹಗುರಾಗಲಿಲ್ಲ. ಅಮ್ಮ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು.

ಕಳೆದುಕೊಂಡದ್ದೂ ಇದೆ. ಒರಟು ಡಾಂಬರಿನಲ್ಲಿ ಸದ್ದು ಮೊದಲಿಗಿಂತ ಹೆಚ್ಚು. ಸಣ್ಣ ಗುಂಡಿಗಳ ಪೆಟ್ಟು ಮೈಗೆ ಚುರುಕಾಗಿ ತಲುಪುತ್ತದೆ. ಪೆಟ್ರೋಲ್ ಒಂದಿಷ್ಟು ಹೆಚ್ಚು ಕುಡಿಯುತ್ತದೆ. ಇವೆಲ್ಲ ನನಗೆ ಒಪ್ಪಿಗೆ. ಗಾಳಿಯ ಒತ್ತಡವನ್ನು ಮಾತ್ರ ಬೆಳಿಗ್ಗೆ ಕಾರು ತೆಗೆಯುವ ಮೊದಲು, ಟೈರ್ ತಣ್ಣಗಿರುವಾಗ, ಸ್ವಂತ ಮಾಪಕದಿಂದಲೇ ನೋಡುತ್ತೇನೆ. ಪಂಪುಗಳ ಮಾಪಕಗಳು ಒಂದೊಂದು ಒಂದೊಂದು ಹೇಳುತ್ತವೆ. ಗಾಳಿ ಕಡಿಮೆಯಾದ ಟೈರ್ ನಿಂತ ನೀರಿನ ಮೇಲೆ ಬೇಗ ತೇಲುತ್ತದೆ, ಗುಂಡಿಯಲ್ಲಿ ರಿಮ್ಮಿಗೂ ಏಟು ಕೊಡುತ್ತದೆ. ಬಟನ್ 3 ಮಿಲಿಮೀಟರಿಗೆ ಇಳಿದ ವರ್ಷ ಮೇ ತಿಂಗಳಲ್ಲೇ ಬದಲಿಸುವುದೆಂದು ಇಟ್ಟುಕೊಂಡಿದ್ದೇನೆ. 1.6ರವರೆಗೆ ಹೋಗಲು ಕಾನೂನು ಬಿಡುತ್ತದೆ, ಹುಲಿಕಲ್ ಘಾಟಿ ಬಿಡುವುದಿಲ್ಲ.

ಸ್ಟೆಪ್ನಿಯದೊಂದು ಬಾಕಿ ಇತ್ತು. ಡಿಕ್ಕಿಯಲ್ಲಿದ್ದದ್ದು ಕಾರಿನ ಜೊತೆಗೇ ಬಂದ 2007ರ ಟೈರ್. ಒಂದು ಬಟನ್ನೂ ಸವೆದಿರಲಿಲ್ಲ, ನೋಡಿದವರೆಲ್ಲ ಹೊಸದೆನ್ನುತ್ತಿದ್ದರು. ಅದನ್ನು ಅಂಗಡಿಯಲ್ಲೇ ಬಿಟ್ಟು, ಹಳೆಯ ಕಬ್ಬಿಣದ ಡಿಸ್ಕ್‌ಗೆ, ಅಂದರೆ ರಿಮ್ಮಿಗೆ, 185/70 ಆರ್14ರ ಸಾಧಾರಣ ಟೈರ್ ಒಂದನ್ನು ಹಾಕಿಸಿದೆ. ವ್ಯಾಸ ಒಂದೇ ಆದ್ದರಿಂದ ಪಂಕ್ಚರ್ ಅಂಗಡಿಯವರೆಗೆ ಯಾವ ತೊಂದರೆಯೂ ಇಲ್ಲದೆ ಓಡುತ್ತದೆ. ಒಂದು ಎಚ್ಚರ: ಅಲಾಯ್‌ಗೆ ಬೇರೆ ಬಗೆಯ ನಟ್ ಬಳಸಿದ್ದರೆ ಕಬ್ಬಿಣದ ಡಿಸ್ಕ್‌ಗೆ ಬೇಕಾದ ಹಳೆಯ ನಾಲ್ಕು ನಟ್‌ಗಳನ್ನು ಸ್ಟೆಪ್ನಿಯ ಜೊತೆಯಲ್ಲೇ ಇಟ್ಟಿರಬೇಕು. ನಾನು ಅವನ್ನು ಒಂದು ಬಟ್ಟೆಯ ಚೀಲದಲ್ಲಿ ಕಟ್ಟಿ ಜ್ಯಾಕಿನ ಪಕ್ಕ ಇಟ್ಟಿದ್ದೇನೆ.